ಹೋನ್‌ಹೈಮಿನ ನಿಲ್ದಾಣ: ಒಂದು ವಿಮರ್ಶೆ

ನ್ಯಾಯಶಾಸ್ತ್ರದ ವ್ಯಾಸಂಗಕ್ಕೆಂದು 1770ರಲ್ಲಿ ಸ್ಟ್ರಾಸ್‌ಬರ್ಗ್ ಪಟ್ಟಣಕ್ಕೆ ಬಂದ ತರುಣ ಗಯಟೆಯು, ಅಲ್ಲಿಯ ಕೆಥೀಡ್ರಲ್ ಎಂಬ ಮಹಾ ಕ್ರೈಸ್ತದೇವಾಲಯವನ್ನು ಕಾಣುವ ಮೊದಲು, ಗಾಥಿಕ್ ಶೈಲಿಯೆಂದರೆ ಗೊತ್ತುಗುರಿಯಿಲ್ಲದ ಅಲಂಕಾರದ ರಾಶಿಯೆಂದೇ ನಂಬಿದ್ದನು. ಕಣ್ಣಾರೆ ಕಂಡಮೇಲೆ ಆ ನಂಬಿಕೆ ನಿಲ್ಲಲಿಲ್ಲ. ಅಸಂಖ್ಯಾತ ಬಿಡಿಭಾಗಗಳು ಒಂದೇ ಜೀವದ ಅವಯವಗಳಂತೆ ಕೂಡಿಕೊಂಡಿರುವುದನ್ನು ಅವನು ಅಲ್ಲಿ ಅನುಭವಿಸಿದನು. ಆ ಅನುಭವವನ್ನು 1772ರಲ್ಲಿ ಒಂದು ಚಿಕ್ಕ ಪ್ರಬಂಧವಾಗಿ ಪ್ರಕಟಿಸಿದನು. ಕಾವ್ಯವನ್ನು ಓದುವಂತೆ ಕಟ್ಟಡವನ್ನೂ ಓದಬಹುದೆಂಬುದಕ್ಕೆ ಆ ಬರಹವು ಇಂದಿಗೂ ಒಂದು ಮೇಲ್ಪಂಕ್ತಿಯಾಗಿದೆ.

ಅದೇ ಪಟ್ಟಣದ ಉತ್ತರದ ಅಂಚಿನಲ್ಲಿ, ಹೋನ್‌ಹೈಮ್ ಎಂಬ ಹೊರಊರಿನಲ್ಲಿ, 2001ರಲ್ಲಿ ಮುಗಿದ ಇನ್ನೊಂದು ಕೃತಿಯುಂಟು. ಅದು ಗುಡಿಯಲ್ಲ, ಅರಮನೆಯಲ್ಲ. ಟ್ರಾಮುಗಳು ಬಂದು ಹಿಂದಿರುಗುವ ಒಂದು ಕೊನೆಯ ನಿಲ್ದಾಣ. ಅದಕ್ಕೆ ಹೊಂದಿಕೊಂಡ ಬಸ್ಸುಗಳ ತಂಗು. ಬಳಿಯಲ್ಲಿಯೇ ಸುಮಾರು 700 ಮೋಟಾರುಗಳನ್ನು ಬಿಟ್ಟುಹೋಗಬಹುದಾದ ಒಂದು ಬಯಲು: ಇಷ್ಟೇ. ಇದನ್ನು ರಚಿಸಿದವರು ಜಹಾ ಹದೀದರು. ಯೂರೋಪಿನ ಸಮಕಾಲೀನ ವಾಸ್ತುಶಿಲ್ಪಕ್ಕೆ ಸಲ್ಲುವ ಮೀಸ್ ವಾನ್ ಡೆರ್ ರೋಹೆ ಪ್ರಶಸ್ತಿಯು 2003ರಲ್ಲಿ ಇದಕ್ಕೇ ಸಂದಿತು. ದೊಡ್ಡ ದೊಡ್ಡ ಭವನಗಳನ್ನು ಬಿಟ್ಟು ಒಂದು ಮಾಡಿಗೂ ಒಂದು ಡಾಂಬರಿನ ಬಯಲಿಗೂ ಇಂತಹ ಮನ್ನಣೆ ದೊರೆತುದು ವಿಚಾರಮಾಡತಕ್ಕ ಸಂಗತಿ. ಮನ್ನಣೆಯು ತಕ್ಕುದೆ? ತಕ್ಕುದಾದರೆ ಕೃತಿಯ ಯಾವ ಭಾಗಕ್ಕೆ ತಕ್ಕುದು? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವುದೇ ಇಲ್ಲಿಯ ಉದ್ದೇಶ.

ಕೃತಿಯನ್ನು ಅರಿಯುವುದಕ್ಕೆ ಅದು ಹುಟ್ಟಿದ ನೆಲವನ್ನು ಸ್ವಲ್ಪ ಅರಿತಿರಬೇಕು. ಸ್ಟ್ರಾಸ್‌ಬರ್ಗ್ ಎಂಬ ಹೆಸರಿಗೆ ಹಾದಿಗಳ ಕೂಡಲಲ್ಲಿರುವ ಕೋಟೆಯೂರು ಎಂಬ ಅರ್ಥವಿದೆ. ಫ್ರಾನ್ಸ್ ಜರ್ಮನಿಗಳ ಗಡಿಯಲ್ಲಿ, ರೈನ್ ನದಿಯ ಮಗ್ಗುಲಲ್ಲಿರುವ ಈ ಪಟ್ಟಣವು 1871ರಲ್ಲಿ ಜರ್ಮನಿಗೆ, 1918ರಲ್ಲಿ ಫ್ರಾನ್ಸಿಗೆ, 1940ರಲ್ಲಿ ಮತ್ತೆ ಜರ್ಮನಿಗೆ, ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಮತ್ತೆ ಫ್ರಾನ್ಸಿಗೆ ಕೈ ಬದಲಾಯಿಸಿತು. 1878ರಲ್ಲಿ ಇಲ್ಲಿ ಟ್ರಾಮು ಮೊದಲಾಯಿತು. ಧ್ವಜಗಳು ಬದಲಾದರೂ ಕಂಬಿಗಳು ಉಳಿದುವು. ಕಡೆಗೆ ಅವುಗಳನ್ನು ಕಿತ್ತುದು ಶತ್ರುವಲ್ಲ, ಮೋಟಾರು. 1960ರಲ್ಲಿ ಊರು ತನ್ನ ಟ್ರಾಮನ್ನು ನಿಲ್ಲಿಸಿತು. ಬೀದಿಗಳೆಲ್ಲವೂ ಮೋಟಾರಿನ ಪಾಲಾದುವು.

1989ರ ನಗರಸಭೆಯ ಚುನಾವಣೆಯಲ್ಲಿ ಈ ಬೀದಿಗಳ ಪ್ರಶ್ನೆಯೇ ದೊಡ್ಡದಾಗಿ ಬಂದಿತು. ನೆಲದ ಒಳಗೆ ಹೋಗುವ ಯಾಂತ್ರಿಕ ರೈಲು ಬೇಕೆನ್ನುವವರು ಒಂದು ಪಕ್ಷ, ಬೀದಿಯ ಮೇಲೆಯೇ ಹೋಗುವ ಟ್ರಾಮು ಬೇಕೆನ್ನುವವರು ಇನ್ನೊಂದು ಪಕ್ಷ. ಇದು ಕೇವಲ ಯಂತ್ರಗಳ ನಡುವಣ ಆಯ್ಕೆಯಾಗಿರಲಿಲ್ಲ. ರೈಲನ್ನು ನೆಲದೊಳಗೆ ಇಳಿಸಿದರೆ ಮೇಲಿನ ಬೀದಿಯು ಮೋಟಾರಿಗೇ ಉಳಿಯುವುದು. ಟ್ರಾಮನ್ನು ಬೀದಿಗೆ ತಂದರೆ ಮೋಟಾರು ಸ್ಥಳ ಬಿಡಬೇಕಾಗುವುದು. ಟ್ರಾಮಿನ ಪಕ್ಷವು ಗೆದ್ದಿತು. ಕ್ಯಾಥರೀನ್ ಟ್ರೌಟ್‌ಮನ್ ಅವರು ನಗರಾಧ್ಯಕ್ಷರಾದರು. 1994ರ ನವೆಂಬರ್ ತಿಂಗಳಲ್ಲಿ ಮೊದಲ ಹೊಸ ಮಾರ್ಗವು ತೆರೆಯಿತು. ದೊಡ್ಡ ಕಿಟಕಿಗಳ, ನೆಲಮಟ್ಟಕ್ಕೆ ತಗ್ಗಿದ ಆ ಗಾಡಿಗಳನ್ನು ಮುದುಕರೂ, ಮಗುವಿನ ತಳ್ಳುಗಾಡಿಯನ್ನು ನೂಕುವ ತಾಯಂದಿರೂ ಮೆಟ್ಟಿಲ ಹಂಗಿಲ್ಲದೆ ಹತ್ತುವಂತಾಯಿತು. ಹೋನ್‌ಹೈಮನ್ನು ಮುಟ್ಟುವ ಎರಡನೆಯ ಮಾರ್ಗವು 2000ದಲ್ಲಿ ತೆರೆಯಿತು.

ಈ ಕಾರ್ಯದಲ್ಲಿ ನಗರದವರು ತೋರಿದ ಒಂದು ವಿವೇಕವನ್ನು ಹೇಳದೆ ಬಿಡಬಾರದು. ಸಾರಿಗೆಯನ್ನು ಇಂಜಿನಿಯರುಗಳಿಗೆ ಮಾತ್ರ ಒಪ್ಪಿಸಿ ಅವರು ಸುಮ್ಮನಾಗಲಿಲ್ಲ, ಕಲಾವಿದರನ್ನೂ ಕರೆದರು. ಇಟಲಿಯ ಮಾರಿಯೋ ಮೆರ್ಜ್ ಕಂಬಿಗಳ ನಡುವಣ ನೆಲದಲ್ಲಿ ಬೆಳಕಿನ ಅಂಕಿಗಳನ್ನು ಹುದುಗಿಸಿದನು. ಅಮೆರಿಕದ ಬಾರ್ಬರಾ ಕ್ರೂಗರ್ ನೆಲದೊಳಗಿನ ನಿಲ್ದಾಣದಲ್ಲಿ ಅಕ್ಷರಗಳಿಂದಲೇ ಕೃತಿಯನ್ನು ಮಾಡಿದಳು. ರೇಮನ್ ಕೆನೋ ಮೊದಲಾದವರು 1960ರಲ್ಲಿ ಸ್ಥಾಪಿಸಿದ ಊಲಿಪೋ ಎಂಬ ಫ್ರೆಂಚ್ ಸಾಹಿತಿಗಳ ಕೂಟವು ನಿಲ್ದಾಣಗಳ ಕಂಬಗಳಿಗೆಂದೇ ಕಿರುಬರಹಗಳನ್ನು ರಚಿಸಿಕೊಟ್ಟಿತು. ಟ್ರಾಮಿಗಾಗಿ ಕಾಯುವವನಿಗೆ ಓದಲು ನಾಲ್ಕು ಸಾಲು ಇರಲೆಂಬುದು ಎಂತಹ ನಾಗರಿಕ ಭಾವನೆ! ಎರಡನೆಯ ಮಾರ್ಗದ ಸರದಿ ಬಂದಾಗ, ಇದೇ ಕಾರ್ಯಕ್ರಮದ ಅಂಗವಾಗಿ, ಅದರ ಉತ್ತರದ ತುದಿಯನ್ನು ಹದೀದರಿಗೆ ಒಪ್ಪಿಸಲಾಯಿತು. ಆದರೆ ಉಳಿದವರು ನಿಲ್ದಾಣದಲ್ಲಿ ಕಲೆಯನ್ನು ಇಟ್ಟರು. ಇವರು ನಿಲ್ದಾಣವನ್ನೇ ಕಲೆಯಾಗಿಸಬೇಕಾಯಿತು. ಈ ಎರಡರ ಅಂತರವು ಸಣ್ಣದಲ್ಲ. ಗೋಡೆಯ ಮೇಲಿನ ಚಿತ್ರವು ಚೆನ್ನಾಗಿಲ್ಲದಿದ್ದರೆ ಪ್ರಯಾಣಿಕನು ಮುಖ ತಿರುಗಿಸಬಹುದು. ಮಾಡು ಚೆನ್ನಾಗಿಲ್ಲದಿದ್ದರೆ ಅವನು ನೆನೆಯಬೇಕಾಗುವುದು.

ಹದೀದರು 1950ರಲ್ಲಿ ಬಾಗ್ದಾದಿನಲ್ಲಿ ಜನಿಸಿದವರು, ಲಂಡನ್ನಿನಲ್ಲಿ ವಾಸ್ತುವಿದ್ಯೆಯನ್ನು ಕಲಿತು ಅಲ್ಲಿಯೇ ನೆಲಸಿದವರು, 2016ರಲ್ಲಿ ತೀರಿಕೊಂಡರು. ರಷ್ಯದ ಚಿತ್ರಕಾರ ಮಲೇವಿಚ್ ತನ್ನ ಚಿತ್ರಗಳಲ್ಲಿ ತೂಕವೇ ಇಲ್ಲವೆಂಬಂತೆ ತೇಲಬಿಟ್ಟ ಚೌಕ, ಪಟ್ಟಿ, ಗೆರೆಗಳು ಅವರ ಕಲ್ಪನೆಯನ್ನು ಮೊದಲಿನಿಂದಲೂ ಸೆಳೆದಿದ್ದುವು. 1983ರಲ್ಲಿ ಹಾಂಗ್‌ಕಾಂಗಿನ ಒಂದು ಸ್ಪರ್ಧೆಯನ್ನು ಗೆದ್ದರೂ ಆ ಕಟ್ಟಡವು ಏಳಲಿಲ್ಲ. ಬಹುಕಾಲ ಅವರ ಕೀರ್ತಿಯು ಚಿತ್ರಪಟಗಳ ಮೇಲೆಯೇ ನಿಂತಿತ್ತು. 1993ರಲ್ಲಿ ಮುಗಿದ, ಜರ್ಮನಿಯ ವೈಲ್ ಆಮ್ ರೈನ್ ಎಂಬಲ್ಲಿಯ ವಿಟ್ರ ಕಾರ್ಖಾನೆಯ ಅಗ್ನಿಶಾಮಕ ಠಾಣೆಯು ಅವರಿಗೆ ಹೆಸರು ತಂದ ಮೊದಲ ಕಟ್ಟಡ. ಗಂಟೆ ಬಾರಿಸಿದೊಡನೆ ನೆಗೆಯಲು ಸಿದ್ಧವಾಗಿ ನಿಂತಂತಿರುವ ಆ ಗೋಡೆಗಳನ್ನು ಕಂಡವರು ಬೆರಗಾದರು. ಆದರೆ ಕೆಲವೇ ವರ್ಷಗಳಲ್ಲಿ ಅಗ್ನಿಶಾಮಕ ದಳವು ಅಲ್ಲಿಂದ ಹೊರಟುಹೋಗಿ, ಕಟ್ಟಡವು ಪ್ರದರ್ಶನಗಳಿಗೂ ಸಮಾರಂಭಗಳಿಗೂ ಮೀಸಲಾಯಿತು. ಚಲನೆಯನ್ನು ಹೊಗಳಿದ ಮನೆಯಿಂದ ಚಲಿಸುವವರೇ ಹೊರಟುಹೋದಂತಾಯಿತು. ಹೋನ್‌ಹೈಮಿನ ಮಹತ್ತ್ವವು ಈ ಹಿನ್ನೆಲೆಯಲ್ಲಿ ಎದ್ದುತೋರುವುದು. ಇಲ್ಲಿ ಚಲನೆಯು ಕವಿಸಮಯವಲ್ಲ, ನಿತ್ಯದ ವ್ಯವಹಾರ. ಟ್ರಾಮು, ಬಸ್ಸು, ಬೈಸಿಕಲ್ಲು, ಮೋಟಾರು, ಪಕ್ಕದಲ್ಲಿಯೇ ಹಾದುಹೋಗುವ ರೈಲು, ಇವೆಲ್ಲಕ್ಕಿಂತ ಮಿಗಿಲಾಗಿ ಕಾಲುನಡಗೆಯ ಮನುಷ್ಯ, ಎಲ್ಲರೂ ದಿನವೂ ಇಲ್ಲಿ ಸಂಧಿಸುವರು.

ಇನ್ನು ಕೃತಿಯ ಸ್ವರೂಪ. ಟ್ರಾಮು ಬಂದು ನಿಲ್ಲುವ ಕಡೆ ಕಾಂಕ್ರೀಟಿನ ಒಂದು ದೊಡ್ಡ ಮಾಡು ಬಾಗಿ ಚಾಚಿಕೊಂಡಿದೆ. ಅದನ್ನು ಹೊತ್ತಿರುವುದು ನೆಟ್ಟಗೆ ನಿಂತ ದಪ್ಪ ಕಂಬಗಳಲ್ಲ. ಗಾಳಿಗೆ ಓರೆಯಾದ ಜೊಂಡಿನಂತಿರುವ ಸಣ್ಣ ಉಕ್ಕಿನ ಕಂಬಗಳು. ಮಾಡಿನಲ್ಲಿ ಅಲ್ಲಲ್ಲಿ ಉದ್ದನೆಯ ಸೀಳುಗಂಡಿಗಳಿವೆ. ಅವುಗಳ ಮೂಲಕ ಇಳಿದ ಬೆಳಕು ನೆಲದ ಮೇಲೆ ಗೆರೆಗಳಾಗಿ ಬೀಳುವುದು. ಕಾಯುವವರಿಗೆ ಸ್ಥಳ, ಬೈಸಿಕಲ್ಲುಗಳನ್ನು ಇಡುವ ಜಾಗ, ಶೌಚಗೃಹ, ಒಂದು ಅಂಗಡಿ, ಇಷ್ಟು ಮಾತ್ರ ಇದರ ಆಶ್ರಯದಲ್ಲಿ ಬೇಕಾಗಿದ್ದುವು. ಮಾಡಿನಿಂದ ಆಚೆಗೆ ಮೋಟಾರಿನ ಬಯಲು. ಒಂದೊಂದು ಗಾಡಿಯ ಸ್ಥಳವನ್ನು ಗುರುತಿಸುವ ಬಿಳಿಯ ಗೆರೆಗಳು ಕೆಳಗಿನ ತುದಿಯಲ್ಲಿ ದಕ್ಷಿಣೋತ್ತರವಾಗಿ ಆರಂಭವಾಗಿ, ನೆಲದ ಎಲ್ಲೆಯು ಬಾಗಿದಂತೆ ತಾವೂ ಮೆಲ್ಲಮೆಲ್ಲನೆ ತಿರುಗುತ್ತ ಹೋಗುವುವು. ಸೂಜಿಗಲ್ಲಿನ ಸುತ್ತ ಕಬ್ಬಿಣದ ಪುಡಿಯು ತಾನಾಗಿ ಸಾಲುಗೂಡುವಂತೆ. ಆ ಗೆರೆಗಳ ನಡುವೆ ದೀಪದ ಕಂಬಗಳು ನಿಂತಿವೆ. ನೆಲವು ಇಳಿಜಾರಾದರೂ ಕಂಬಗಳ ತುದಿಗಳು ಒಂದೇ ಮಟ್ಟವನ್ನು ಕಾಯ್ದುಕೊಂಡಿವೆ. ಒಟ್ಟಿನಲ್ಲಿ ನೆಲದ ಗೆರೆ, ಮಾಡಿನ ಗೆರೆ, ಬೆಳಕಿನ ಗೆರೆ, ಕಂಬದ ಗೆರೆ, ಎಲ್ಲವೂ ಸೇರಿ ಒಂದು ಜಾಲ.

ಇಂತಹ ಕೃತಿಯನ್ನು ಯಾವ ಅಳತೆಯಿಂದ ಅಳೆಯಬೇಕು? ದೇವಾಲಯದ ಅಳತೆ ಇದಕ್ಕೆ ಸಲ್ಲದು. ಅಲ್ಲಿ ಯಾತ್ರೆಯು ಮುಗಿಯುವುದು, ಇಲ್ಲಿ ಮುಗಿಯುವುದಿಲ್ಲ. ನಿಲ್ದಾಣವೆಂಬುದು ಎರಡು ಪ್ರಯಾಣಗಳ ನಡುವಣ ಸಂಧಿ. ಕನ್ನಡ ವ್ಯಾಕರಣವನ್ನು ಬಲ್ಲವರಿಗೆ ಈ ಮಾತು ಸುಲಭವಾಗಿ ಹೊಳೆದೀತು. ಮನೆ ಎಂಬುದಕ್ಕೆ ಅಲ್ಲಿ ಎಂಬುದು ಸೇರುವಾಗ ನಡುವೆ ಒಂದು ಯಕಾರವು ಆಗಮವಾಗಿ ಬರುವುದು. ಅದು ಮೊದಲನೆಯದಕ್ಕೂ ಸೇರಿದುದಲ್ಲ, ಎರಡನೆಯದಕ್ಕೂ ಸೇರಿದುದಲ್ಲ. ತನಗೆ ಬೇರೆ ಅರ್ಥವೂ ಇಲ್ಲ. ಬಾಯಿ ತಡವರಿಸದೆ ಒಂದು ಸ್ವರದಿಂದ ಇನ್ನೊಂದು ಸ್ವರಕ್ಕೆ ದಾಟಲೆಂದು ಮಾತ್ರ ಅದು ಬಂದಿದೆ. ಬಸ್ಸಿನಿಂದ ಟ್ರಾಮಿಗೆ ದಾಟುವವನಿಗೆ ನಿಲ್ದಾಣವು ಇಂತಹ ಆಗಮವಾಗಬೇಕು. ಸಂಧಿಯಾಗಬೇಕಾದಲ್ಲಿ ಆಗದಿದ್ದರೆ ಅದನ್ನು ವಿಸಂಧಿಯೆಂದು ದಂಡಿಯು ಕಾವ್ಯದೋಷಗಳಲ್ಲಿ ಎಣಿಸಿರುವನು. ಬಸ್ಸೊಂದು ಕಡೆ, ಟ್ರಾಮೊಂದು ಕಡೆ, ನಡುವೆ ಮಳೆ, ಏರುಮೆಟ್ಟಿಲು, ದಾಟಬೇಕಾದ ರಸ್ತೆ: ಲೋಕದ ಎಷ್ಟೋ ನಿಲ್ದಾಣಗಳಲ್ಲಿ ಕಾಣುವ ವಿಸಂಧಿಯು ಇದೇ.

ಈ ದೋಷವು ಅಲ್ಪವೆಂದು ತಿಳಿಯಬಾರದು. ಟ್ರಾಮು ಬಂದ ಊರುಗಳಲ್ಲಿ ಬಸ್ಸಿನ ಹಾದಿಗಳನ್ನು ಹೊಸದಾಗಿ ಹೆಣೆಯುವುದು ವಾಡಿಕೆ. ಸ್ಟ್ರಾಸ್‌ಬರ್ಗಿನಲ್ಲಿಯೂ ಹಾಗೆಯೇ ನಡೆಯಿತು. ಹೊರಊರಿನ ಬಸ್ಸುಗಳು ಪೇಟೆಯವರೆಗೂ ಹೋಗದೆ ಟ್ರಾಮಿನ ತುದಿಗೆ ಜನರನ್ನು ತಂದು ಒಪ್ಪಿಸುವುವು. ನಗರಕ್ಕೆ ಇದರಿಂದ ಲಾಭವೇ. ಆದರೆ ಒಂದೇ ಆಸನದಲ್ಲಿ ಕುಳಿತು ಪೇಟೆ ಸೇರಬಹುದಾದವನು ಈಗ ನಡುವೆ ಇಳಿಯಬೇಕು, ನಡೆಯಬೇಕು, ಕಾಯಬೇಕು. ಲೆಕ್ಕದ ಪುಸ್ತಕದಲ್ಲಿ ಇದು ನಾಲ್ಕಾರು ನಿಮಿಷ. ದುಡಿದು ಬಳಲಿದವನ ಪಾಲಿಗೆ ಅದು ದಿನವೂ ಎರಡು ಸಾರಿ ತೆರಬೇಕಾದ ತೆರಿಗೆ. ಆ ತೆರಿಗೆಗೆ ಪ್ರತಿಯಾಗಿ ಅವನಿಗೆ ದೊರೆಯುವುದು ನಿಲ್ದಾಣವೊಂದೇ. ಆದುದರಿಂದ ನಿಲ್ದಾಣದ ಸೌಂದರ್ಯವು ಶ್ರೀಮಂತರ ವಿಲಾಸದ ಮಾತಲ್ಲ. ಅದು ನ್ಯಾಯದ ಮಾತು.

ಈ ಅಳತೆಯಿಂದ ನೋಡಿದರೆ ಮಾಡಿನ ಭಾಗವು ನಿಸ್ಸಂದೇಹವಾಗಿ ಉತ್ತಮ ಕಾವ್ಯ. ಗೋಡೆಗಳಿಂದ ಮುಚ್ಚಿದ ಕೋಣೆಯೊಂದನ್ನು ಕಟ್ಟಿ ಅದಕ್ಕೆ ಬಾಗಿಲಿಟ್ಟಿದ್ದರೆ ಅದು ಮನೆಯಾಗುತ್ತಿತ್ತು. ಹೊರಗಿನಿಂದ ಬರುವವನಿಗೆ ಒಳಗೆ, ಹೊರಗೆ ಎಂಬ ಎರಡು ತಡೆಗಳು ಏಳುತ್ತಿದ್ದುವು. ಹದೀದರು ಅಂತಹ ಮನೆಯನ್ನು ಕಟ್ಟಲಿಲ್ಲ. ನೆಲದ ಚಲನೆಯೇ ಮೇಲೆದ್ದು ನೆರಳಾಗಿ ಬಾಗಿದಂತೆ ಆ ಮಾಡು ತೋರುವುದು. ಓರೆಗಂಬಗಳು ನಡೆಯುವವನ ದಾರಿಗೆ ಅಡ್ಡನಿಂತ ಕಾವಲುಗಾರರಂತಿಲ್ಲ; ಅವನೊಡನೆ ತಾವೂ ಹೊರಟವರಂತಿವೆ. ಕಾಂಕ್ರೀಟಿನ ಭಾರವನ್ನು ಬೆಳಕಿನ ಸೀಳುಗಳು ಹಗುರಗೊಳಿಸುವುವು. ಹೊತ್ತು ಏರಿದಂತೆ ನೆಲದ ಗೆರೆಗಳೂ ಸರಿಯುವುದರಿಂದ, ನಿಂತಲ್ಲಿಯೇ ನಿಂತವನಿಗೂ ಏನೋ ಸಾಗುತ್ತಿದೆಯೆಂಬ ಸಮಾಧಾನವುಂಟಾಗುವುದು. ಅಲಂಕಾರವು ಇಲ್ಲಿ ಅಂಗಕ್ಕೆ ಹೊರಗಿನಿಂದ ತೊಡಿಸಿದ ಒಡವೆಯಲ್ಲ. ಅಂಗದ ಕಾಂತಿಯೇ ಆಗಿದೆ.

ಬಯಲಿನ ಭಾಗವನ್ನು ಕುರಿತು ಇಷ್ಟು ನಿಸ್ಸಂಕೋಚವಾಗಿ ಹೊಗಳುವುದು ಕಷ್ಟ. ಪುಸ್ತಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಈ ಕೃತಿಯು ಹೆಚ್ಚಾಗಿ ಪ್ರಸಿದ್ಧವಾದುದು ಎತ್ತರದಿಂದ ತೆಗೆದ ಚಿತ್ರಗಳ ಮೂಲಕ. ಕರಿಯ ನೆಲದ ಮೇಲೆ ಬಿಳಿಯ ಗೆರೆಗಳು ಬೀಸಣಿಗೆಯಂತೆ ತಿರುಗುವ ಆ ನೋಟವು ಅತ್ಯಂತ ಮನೋಹರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಯಾರ ನೋಟ? ಹಕ್ಕಿಯ ನೋಟ, ವಿಮಾನದ ನೋಟ, ವಿನ್ಯಾಸದ ಹಾಳೆಯ ಮುಂದೆ ಕುಳಿತ ಶಿಲ್ಪಿಯ ನೋಟ. ಮೋಟಾರನ್ನು ಬಿಟ್ಟು ಇಳಿದವನು ಮಾನವನ ಎತ್ತರದಲ್ಲಿ ನಿಂತು ನೋಡುವನು. ಅವನಿಗೆ ಕಾಣುವುದು ತನ್ನ ಗಾಡಿಯ ಎರಡು ಬದಿಯ ಎರಡು ಗೆರೆಗಳು, ಅವುಗಳಾಚೆ ಬೇರೆ ಗಾಡಿಗಳ ಬೆನ್ನುಗಳು. ಗಾಡಿಗಳು ತುಂಬಿದಷ್ಟೂ ಗೆರೆಗಳು ಮರೆಯಾಗುವುವು. ಬಯಲು ತನ್ನ ಕೆಲಸವನ್ನು ಪೂರ್ಣವಾಗಿ ಮಾಡುವ ಹೊತ್ತಿನಲ್ಲಿಯೇ ಅದರ ಕಾವ್ಯವು ಕಾಣದಾಗುವುದು. ಕಾವ್ಯವು ಪೂರ್ಣವಾಗಿ ಕಾಣುವ ಹೊತ್ತಿನಲ್ಲಿ ಅದಕ್ಕೆ ಕೆಲಸವೇ ಇಲ್ಲ. ಓದುಗನಿಗೆ ಎಟುಕದ ಚಮತ್ಕಾರವನ್ನು ಬಂಧದಲ್ಲಿ ಅಡಗಿಸಿಟ್ಟು, ಹಾಳೆಯ ಮೇಲೆ ಅದರ ಚಿತ್ರವನ್ನು ಬರೆದು ತೋರಿಸುವ ಚಿತ್ರಕವಿಗಳ ನೆನಪು ಇಲ್ಲಿ ಬಾರದಿರದು.

ಇಷ್ಟಾದರೂ ಬಯಲಿನ ಪಕ್ಷವಾಗಿ ಹೇಳಬೇಕಾದುದೂ ಉಂಟು. ಮೋಟಾರನ್ನು ಬಿಡುವ ಜಾಗವೆಂದರೆ ಊರಿನ ಹಿತ್ತಿಲೆಂದೂ, ಅದಕ್ಕೆ ರೂಪದ ಗೊಡವೆ ಬೇಡವೆಂದೂ ಎಲ್ಲೆಲ್ಲಿಯೂ ಭಾವಿಸಿರುವರು. ಆ ಹಿತ್ತಿಲಿಗೂ ಒಂದು ಛಂದಸ್ಸುಂಟೆಂದು ತೋರಿಸಿಕೊಟ್ಟುದು ಈ ಕೃತಿಯ ಸಾಹಸ. ಅಲ್ಲದೆ, ದೀಪದ ಕಂಬಗಳ ಏರ್ಪಾಡು ನಡೆಯುವವನ ಅನುಭವಕ್ಕೆ ನೇರವಾಗಿ ಎಟುಕುವಂಥದು. ನೆಲವು ಇಳಿದಲ್ಲಿ ಕಂಬವು ನೀಳವಾಗಿ, ನೆಲವು ಏರಿದಲ್ಲಿ ಗಿಡ್ಡವಾಗಿ, ತುದಿಗಳು ಮಾತ್ರ ಸಮನಾಗಿ ಇರುವುದರಿಂದ, ಕಾಲಿಗೆ ತಿಳಿಯದ ಇಳಿಜಾರು ಕಣ್ಣಿಗೆ ತಿಳಿಯುವುದು. ಇದಕ್ಕೆ ವಿಮಾನ ಬೇಕಾಗಿಲ್ಲ. ಗೆರೆಗಳಲ್ಲಿ ಹುಡುಕಿಯೂ ಸಿಕ್ಕದ ಸಂಧಿಯು ಕಂಬಗಳಲ್ಲಿ ಸಹಜವಾಗಿ ಒದಗಿದೆ. ಮೋಟಾರನ್ನು ಇಲ್ಲಿ ಕರೆದಿರುವುದು ಅದನ್ನು ಬಿಡಿಸುವುದಕ್ಕಾಗಿಯೇ ಎಂಬುದನ್ನೂ ಮರೆಯಬಾರದು. ಸ್ಟ್ರಾಸ್‌ಬರ್ಗಿನ ಇಂತಹ ಬಯಲುಗಳಲ್ಲಿ ಗಾಡಿ ನಿಲ್ಲಿಸಲು ತೆರುವ ಹಣದಲ್ಲಿಯೇ ಟ್ರಾಮಿನ ಟಿಕೆಟ್ಟೂ ಸೇರಿರುವ ಪದ್ಧತಿಯನ್ನು ಏರ್ಪಡಿಸಲಾಯಿತು. ಗಾಡಿಯನ್ನು ತೊರೆದವನಿಗೆ ಒಂದು ಮರ್ಯಾದೆಯ ಸ್ವಾಗತ ಬೇಡವೆ?

ಹೋಲಿಕೆಗಾಗಿ ಇನ್ನೊಂದು ನಿಲ್ದಾಣವನ್ನು ನೆನೆಯಬಹುದು. ಲಂಡನ್ನಿನ ಉತ್ತರದ ಹೊರಊರಾದ ಸೌತ್‌ಗೇಟಿನಲ್ಲಿ ಚಾರ್ಲ್ಸ್ ಹೋಲ್ಡನ್ ರಚಿಸಿದ ರೈಲು ನಿಲ್ದಾಣವು 1933ರಲ್ಲಿ ತೆರೆಯಿತು. ಅದು ಟ್ರಾಮಿನದಲ್ಲ, ಸುರಂಗದ ರೈಲಿನದು. ಆದರೆ ಬಸ್ಸನ್ನೂ ರೈಲನ್ನೂ ಕೂಡಿಸುವ ಸಮಸ್ಯೆಯು ಎರಡರಲ್ಲಿಯೂ ಒಂದೇ. ಹೋಲ್ಡನ್ ಅಲ್ಲಿ ತಗ್ಗಾದ ಒಂದು ವೃತ್ತವನ್ನು ಕಟ್ಟಿದನು. ನಡುವೆ ಒಂದೇ ಕಂಬ. ಸುತ್ತಲೂ ಗಾಜಿನ ಪಟ್ಟಿ. ಅದರ ಮೇಲೆ ತೇಲುವಂತಿರುವ ಚಾವಣಿ. ಎದುರಿಗೆ ಬಿಲ್ಲಿನಂತೆ ಬಾಗಿದ ಅಂಗಡಿಗಳ ಸಾಲು. ಆ ಸಾಲಿಗೂ ವೃತ್ತಕ್ಕೂ ನಡುವೆ ಬಸ್ಸುಗಳು ಬಂದು ನಿಲ್ಲುವ ಹಾದಿ. ಬಸ್ಸಿನಿಂದ ಇಳಿದವನು ಕೆಲವೇ ಹೆಜ್ಜೆಗಳಲ್ಲಿ ರೈಲಿನ ಬಾಗಿಲಲ್ಲಿರುವನು. ದಾರಿಯನ್ನು ಯಾರನ್ನೂ ಕೇಳಬೇಕಾಗಿಲ್ಲ, ಏಕೆಂದರೆ ಆಕಾರವೇ ದಾರಿಯನ್ನು ಹೇಳುತ್ತಿದೆ.

ಹೋಲ್ಡನ್ನನ ವೃತ್ತವು ನಿಂತವನ ಕಾವ್ಯ. ಹದೀದರ ಓರೆಗೆರೆಯು ಹೊರಟವನ ಕಾವ್ಯ. ಮೊದಲನೆಯದು ಪ್ರಯಾಣಿಕನನ್ನು ನಡುವೆ ನಿಲ್ಲಿಸಿ ಲೋಕವನ್ನು ಅವನ ಸುತ್ತ ತಿರುಗಿಸುವುದು. ಎರಡನೆಯದು ಅವನನ್ನೂ ಪ್ರವಾಹದ ಒಂದು ಗೆರೆಯಾಗಿ ಎಣಿಸುವುದು. ಎರಡರಲ್ಲಿಯೂ ಸತ್ಯವಿದೆ. ಆದರೆ ಮನುಷ್ಯನು ನಿಲ್ದಾಣದಲ್ಲಿ ಮಾಡುವ ಮುಖ್ಯ ಕೆಲಸ ಚಲಿಸುವುದಲ್ಲ, ಕಾಯುವುದು. ಚಲನೆಯ ಶಿಲ್ಪವು ಕಾಯುವವನನ್ನು ಮರೆತರೆ ಅದು ಅರ್ಧ ಸತ್ಯವನ್ನೇ ಪೂರ್ಣ ಸತ್ಯವೆಂದು ಸಾರಿದಂತಾಗುವುದು. ಹೋನ್‌ಹೈಮಿನ ಮಾಡು ಅವನನ್ನು ಮರೆತಿಲ್ಲ. ಬಯಲಿನ ಗೆರೆಗಳು ಬಹುಮಟ್ಟಿಗೆ ಮರೆತಿವೆ. ಕೃತಿಯ ಎರಡು ಭಾಗಗಳ ಬೆಲೆಯಲ್ಲಿ ಅಂತರವುಂಟಾಗುವುದು ಇಲ್ಲಿಯೇ.

ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಕ್ಷೇಮೇಂದ್ರನು ಹೇಳಿರುವನು. ಔಚಿತ್ಯವೆಂದರೆ ಸಣ್ಣದಕ್ಕೆ ಸಣ್ಣದನ್ನೇ ಕೊಡುವ ಜಿಪುಣತನವೆಂದು ಕೆಲವರು ತಿಳಿದಿರುವರು. ಹೊರಊರಿನ ಜನರಿಗೆ ತಗಡಿನ ಮರೆಯೇ ಸಾಕು, ಕಲೆಯೇನಿದ್ದರೂ ಪೇಟೆಯ ನಡುವೆ ಇರಲಿ ಎಂಬ ಆಡಳಿತದ ಬುದ್ಧಿಯ ಹಿಂದಿರುವುದು ಈ ತಪ್ಪು ತಿಳಿವಳಿಕೆಯೇ. ಸ್ಟ್ರಾಸ್‌ಬರ್ಗಿನವರು ಅದನ್ನು ಒಪ್ಪಲಿಲ್ಲ. 142 ಮೀಟರು ಎತ್ತರದ ಶಿಖರವನ್ನು 1439ರಲ್ಲಿ ಮುಗಿಸಿದ ಊರು, ಐದೂವರೆ ಶತಮಾನಗಳ ತರುವಾಯ, ತನ್ನ ಟ್ರಾಮಿನ ತುದಿಯಲ್ಲಿ ಬಸ್ಸಿಗಾಗಿ ಕಾಯುವವನೂ ಒಬ್ಬ ದೊಡ್ಡ ಶಿಲ್ಪಿಯ ಗಮನಕ್ಕೆ ಅರ್ಹನೆಂದು ಎಣಿಸಿತು. ಈ ಕೆಲಸವನ್ನು ಕೈಗೊಂಡಾಗ ಹದೀದರು ಇನ್ನೂ ಹೆಚ್ಚು ಕಟ್ಟಿದವರಾಗಿರಲಿಲ್ಲ. ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳೆಯೆಂಬ ಕೀರ್ತಿಯು ಅವರಿಗೆ ಬಂದುದು 2004ರಲ್ಲಿ. ಹೆಸರಾದ ಮೇಲೆ ಕರೆಯುವುದು ಸುಲಭ. ಮೊದಲೇ ಗುರುತಿಸಿ ಕರೆಯುವುದಕ್ಕೆ ಧೈರ್ಯ ಬೇಕು.

ಹಾಗಾದರೆ 2003ರ ಮನ್ನಣೆಯು ತಕ್ಕುದೆ? ತಕ್ಕುದೇ ಸರಿ, ಆದರೆ ಚಿತ್ರಗಳಲ್ಲಿ ಪ್ರಸಿದ್ಧವಾದ ಗೆರೆಗಳಿಗಾಗಿ ಅಲ್ಲ. ಆ ಗೆರೆಗಳು ಬಣ್ಣದವು. ಮಳೆಗೂ ಚಕ್ರಕ್ಕೂ ಸವೆಯತಕ್ಕವು. ಮತ್ತೆ ಮತ್ತೆ ಬಳಿಯುವ ಕೈಯಿದ್ದರೆ ಮಾತ್ರ ಬಾಳತಕ್ಕವು. ಮಾಡಿನ ಕೆಳಗಿನ ನೆರಳು ಹಾಗಲ್ಲ. ಬಸ್ಸಿನಿಂದ ಇಳಿದವನು ಟ್ರಾಮು ಬರುವವರೆಗೆ ತಡವರಿಸದೆ, ನೆನೆಯದೆ, ತಾನು ಕಡೆಗಣಿಸಲ್ಪಟ್ಟೆನೆಂದು ಭಾವಿಸದೆ ನಿಲ್ಲಬಲ್ಲನೆಂಬುದೇ ಈ ಕೃತಿಯ ನಿಜವಾದ ಸಿದ್ಧಿ. ಗಯಟೆಯು ಶಿಖರವನ್ನು ಕೆಳಗೆ ನಿಂತು ತಲೆಯೆತ್ತಿ ನೋಡಿ ಅದರ ಏಕತೆಯನ್ನು ಅರಿತನು. ನಿಲ್ದಾಣಗಳನ್ನು ಅಳೆಯುವ ಸಹೃದಯರೂ ನೆಲದ ಮೇಲೆಯೇ ನಿಂತು, ಕೈಯಲ್ಲಿ ಚೀಲವನ್ನು ಹಿಡಿದು ಕಾಯುವವನ ಕಣ್ಣಿನಿಂದ ನೋಡುವುದು ಮೇಲು.